ನಿಂತೇ ಉಂಡ ಯಜಮಾನ

ಆ ಊರಿನಲ್ಲಿ ಕೊಡಬೇಕಾದವನು ಕೂರಲಾರ. ಬಾಕಿ ಬರಬೇಕಾದವನ ಮೈ ಸುಮ್ಮನಿರದು.

ಇದನ್ನು ಯಾರೂ ಕಾನೂನು ಮಾಡಿದ್ದಲ್ಲ. ಹೊಳೆ ಇಳಿಜಾರಿಗೆ ಹರಿಯುವಂತೆ ಅದು ಅಲ್ಲಿ ಹಿಂದಿನಿಂದ ಹಾಗೇ ಇತ್ತು. ಕೊಡುತ್ತೇನೆ ಎಂದ ದಿನ ಕೊಟ್ಟರೆ ಸರಿ. ಆ ದಿನ ದಾಟಿತೋ, ಬಡಗಿಯ ತೋಳು ಊಟಕ್ಕೆ ಕೂತಾಗಲೂ ಇಲ್ಲದ ಮರವನ್ನು ಕುಯ್ಯುತ್ತಲೇ ಇರುತ್ತದೆ. ಅಗಸನ ಕೈ ಮಲಗಿದಲ್ಲೇ ಎತ್ತಿ ಎತ್ತಿ ಬಡಿಯುತ್ತದೆ, ಪಾಪ, ಅವನ ಹೆಂಡತಿ ಚಾಪೆಯನ್ನು ಇನ್ನೊಂದು ಮೂಲೆಗೆ ಎಳೆದುಕೊಳ್ಳುತ್ತಾಳೆ. ಇತ್ತ ಕೊಡಬೇಕಾದವನು ಮಣೆ ಹಾಕಿಕೊಂಡು ಕೂರಲು ಹೋದರೆ ಮಂಡಿ ಬಗ್ಗುವುದಿಲ್ಲ. ಅಂಗಡಿಯಿಂದ ಉಪ್ಪು ಕಡ ತಂದವರು ಕೂಡ ಅದು ತೀರುವ ತನಕ ನಿಂತೇ ಉಣ್ಣಬೇಕು. ಹಾಗಾಗಿ ಆ ಊರಲ್ಲಿ ಬಾಕಿಗಳು ಬೇಗ ಬೇಗ ತೀರುತ್ತಿದ್ದವು. ಹಿರಿಯರು ವರ್ಷಗಟ್ಟಲೆ ಹೇಳಿದರೂ ತಲೆಗೆ ಹೋಗದ ಬುದ್ಧಿಯನ್ನು ಮಂಡಿನೋವು ಒಂದೇ ಸಂಜೆಯಲ್ಲಿ ಹೇಳಿಕೊಡುತ್ತದೆ.

ಕೆಲಸ ನಡೆಯುವ ಜಾಗವನ್ನು ಅವರು ಕಾರ್ಖಾನೆ ಎನ್ನುತ್ತಿರಲಿಲ್ಲ, ಮನೆ ಎನ್ನುತ್ತಿದ್ದರು. ಎಣ್ಣೆಯ ಮನೆ, ಗಾಜಿನ ಮನೆ, ಹಗ್ಗದ ಮನೆ. ಹಗ್ಗದ ಮನೆ ಹೊಳೆಯ ದಂಡೆಯಲ್ಲಿತ್ತು. ಉದ್ದನೆಯ ಚಪ್ಪರ, ಅದರ ಒಂದು ತುದಿಗೆ ಆಳೆತ್ತರದ ರಾಟೆ. ನಾರಿನವನು ತಲೆಹೊರೆಯಲ್ಲಿ ನಾರು ತಂದು ಸುರಿಯುತ್ತಿದ್ದ. ಹೊಸೆಯುವವರು ನಾರನ್ನು ಎಳೆ ಮಾಡಿ, ಎಳೆಯನ್ನು ಹುರಿ ಮಾಡಿ, ಹುರಿಯನ್ನು ಹಗ್ಗ ಮಾಡಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಚಪ್ಪರದ ಆ ತುದಿಗೆ ಹೋಗುತ್ತಿದ್ದರು. ಸಂಜೆ ಹೊರಡುವಾಗ ಬಾಗಿಲ ಬಳಿ ನಿಂತು ಸೆರಗು ಕೊಡವುತ್ತಿದ್ದರು, ಒಂದು ನಾರೂ ತಮ್ಮ ಜೊತೆ ಮನೆಗೆ ಬರಬಾರದೆಂದು. ಯಾರೂ ಕೇಳಿರಲಿಲ್ಲ, ತಪಾಸಣೆಯೂ ಇರಲಿಲ್ಲ. ಅದು ಅವರ ಜಂಬ.

ಆ ಮನೆ ಸತ್ತುಹೋಯಿತು. ಆಚೆ ದಡದವರು ಮಿನುಗುವ ದಾರದಲ್ಲಿ ಹಗ್ಗ ಮಾಡತೊಡಗಿದರು, ದೋಣಿಯವರೆಲ್ಲ ಅತ್ತ ತಿರುಗಿದರು, ಅಷ್ಟೆ. ಕೊನೆಗೆ ಮಾರಾಟವಾಗದ ಒಂದು ದೊಡ್ಡ ಹಗ್ಗ ಚಪ್ಪರದ ನಡುವೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಸುಗ್ಗಿಯ ಕೂಲಿಯ ದಿನ ದಾಟಿತು, ಮರುಬೆಳಿಗ್ಗೆ ರಾಟೆ ನಿಂತಿತು. ಅಂದು ಮಧ್ಯಾಹ್ನ ಊಟಕ್ಕೆ ಕೂರಲು ಹೋದ ಯಜಮಾನನ ಮಂಡಿ ಬಗ್ಗಲಿಲ್ಲ. ಸಂಜೆ ಮನೆಗೆ ಹೊರಟ ಹೊಸೆಯುವವರ ಕೈಗಳು ಹೊಸೆಯುವುದನ್ನು ಬಿಡಲಿಲ್ಲ.

ಅವರಲ್ಲಿ ಒಬ್ಬಳ ಕಥೆ ಇದು. ಚಪ್ಪರದಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಸಣ್ಣ ಎಳೆ ತೆಗೆಯುವವಳು. ಅವಳನ್ನು ಹೊಸೆಯುವವಳು ಎಂದೇ ಕರೆಯೋಣ. ರಾಟೆ ನಿಂತಂದಿನಿಂದ ಅವಳ ಎರಡು ಅಂಗೈಗಳೂ ಒಂದರ ಮೇಲೊಂದು ಉಜ್ಜಿಕೊಳ್ಳುತ್ತಾ, ಇಲ್ಲದ ನಾರಿಗೆ ಹುರಿ ಹಾಕುತ್ತಿದ್ದವು. ತಟ್ಟೆಯ ಮುಂದೆ ಕೂತರೆ ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ, ಅನ್ನ ಅಂಗೈ ನಡುವೆ ಹುರಿಯಾಗಿ ಉದುರುತ್ತಿತ್ತು. ಗಂಡನೇ ತುತ್ತು ಹಾಕುತ್ತಿದ್ದ. ಅಡುಗೆಯೂ ಅವನದೇ, ಅವಳ ಜಡೆ ಹೆಣೆಯುವುದೂ ಅವನೇ. ಅವನು ದೋಣಿ ಹುಟ್ಟು ಹಾಕಿ ಬೆಳೆದವನು, ಜಡೆಯ ವಿದ್ಯೆ ಅವನಿಗೆಲ್ಲಿ ಬರಬೇಕು? ಜಡೆ ಒಂದು ದಿನ ಎಡಕ್ಕೆ ವಾಲುತ್ತಿತ್ತು, ಒಂದು ದಿನ ಬಲಕ್ಕೆ. ಕೇರಿಯ ಹೆಂಗಸರು ಅವಳ ಜಡೆ ನೋಡಿ ಅಂದಿನ ಗಾಳಿ ಯಾವ ಕಡೆಯದೆಂದು ತಿಳಿಯುತ್ತೇವೆ ಎಂದು ನಗುತ್ತಿದ್ದರು.

ನಗುವ ವಿಷಯವೇನೂ ಆಗಿರಲಿಲ್ಲ ಅದು. ಹಳೆಯ ಕೆಲಸ ಬಿಡದ ಕೈಗೆ ಹೊಸ ಕೆಲಸ ಹತ್ತುವುದಿಲ್ಲ. ದೋಣಿಕಟ್ಟೆಯವರು ಬಲೆ ಹೆಣೆಯಲು ಜನ ಬೇಕೆಂದು ಬಂದು, ಅವಳ ಕೈ ನೋಡಿ ತಲೆ ಅಲ್ಲಾಡಿಸಿ ಹೋಗಿದ್ದರು.

ಹಾಗಾದರೆ ಹೋಗಿ ಯಜಮಾನನ ಹತ್ತಿರ ಕೂಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಇಲ್ಲೇ ಇರುವುದು ಆ ಜನರ ತಪ್ಪು. ಅವರು ಮಾಡಿಯೇ ಮಾಡಬೇಕಾದ ತಪ್ಪು ಅದು, ಯಾಕೆಂದರೆ ಅವರು ಒಳ್ಳೆಯವರು. ಮನೆ ಸತ್ತಿದೆ ಎಂದ ಮೇಲೆ ಅದು ಸೂತಕದ ಮನೆ. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಸುತ್ತಲಿನವರು ಅನ್ನ ಸಾರು ಒಯ್ದುಕೊಡಬೇಕು. ಸೂತಕದ ಮನೆಯ ಬಾಗಿಲಲ್ಲಿ ನಿಂತು ಬಾಕಿ ಕೇಳುವುದುಂಟೇ? ಅದಕ್ಕಿಂತ ಕೈ ಆಡಿಕೊಂಡಿರುವುದೇ ಮೇಲು. ಹೀಗೆಂದುಕೊಂಡು ಅವರು ಸರದಿಯ ಮೇಲೆ ಯಜಮಾನನಿಗೆ ಊಟ ಒಯ್ದರು. ಹೊಸೆಯುವವಳ ಸರದಿ ಬಂದಾಗ ಗಂಡ ಬೇಯಿಸಿ ತೂಗುಪಾತ್ರೆಗೆ ತುಂಬಿಕೊಟ್ಟದ್ದನ್ನು ಮೊಣಕೈಗೆ ನೇತುಹಾಕಿಕೊಂಡು, ಆಡುವ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗುತ್ತಿದ್ದಳು. ಯಜಮಾನ ಕಂಬಕ್ಕೆ ಒರಗಿ ನಿಂತೇ ಉಣ್ಣುತ್ತಿದ್ದ. ಅವನ ಕಾಲು ಬಾತುಹೋಗಿತ್ತು. ಇವಳು ಅವನ ಕಾಲು ನೋಡುತ್ತಿರಲಿಲ್ಲ, ಅವನು ಇವಳ ಸೆರಗು ನೋಡುತ್ತಿರಲಿಲ್ಲ. ಹೊಳೆಯ ನೀರು ಎಷ್ಟು ಏರಿದೆ ಎಂದು ಮಾತಾಡಿ ಬರುತ್ತಿದ್ದಳು.

ಯಜಮಾನನೂ ಬಾಯಿ ಬಿಟ್ಟು, ನನ್ನಲ್ಲಿ ಏನೂ ಇಲ್ಲ ಎನ್ನಲಿಲ್ಲ. ‘ಇಲ್ಲ’ ಎಂಬ ಎರಡಕ್ಷರಕ್ಕಿಂತ ಕಂಬವೇ ವಾಸಿ ಎಂದು ಅವನಿಗೆ ಅನ್ನಿಸಿರಬೇಕು.

ಸಂಕೋಚವಿಲ್ಲದವನು ಸಾಹುಕಾರನೊಬ್ಬನೇ. ಆ ಊರಿನಲ್ಲಿ ಸಾಲ ಕೊಡುವವನು ಯಾವುದರ ಮೇಲೆ ಕೊಡುತ್ತಾನೋ ಅದಕ್ಕೆ ಒಂದು ಗಂಟು ಹಾಕಿ ಹೋಗುತ್ತಾನೆ, ಸಾಲ ತೀರದಿದ್ದರೆ ಅದು ಅವನದು. ಸಾಹುಕಾರ ರಾಟೆಗೊಂದು ಗಂಟು, ದೊಡ್ಡ ಹಗ್ಗಕ್ಕೊಂದು ಗಂಟು ಹಾಕಿದ್ದ. ಬಾಕಿಯ ದಿನ ದಾಟಿದ ಮೇಲೆ ಅವನ ಬಲ ಅಂಗೈ ಚಾಚಿಕೊಂಡದ್ದು ಮುಚ್ಚುತ್ತಲೇ ಇರಲಿಲ್ಲ. ಬೀದಿಯಲ್ಲಿ ಹೋದರೆ ಹೊಸಬರು ಅದರಲ್ಲಿ ಬಿಡಿಕಾಸು ಹಾಕಿಬಿಡುತ್ತಿದ್ದರು. ಸಾಹುಕಾರನಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಸತ್ತ ಮನೆಗಳ ಬಾಕಿ ಬಿಡಿಸಲು ಬರುವ ಬಿಚ್ಚುವವಳಿಗೆ ಅವನೇ ಹೇಳಿಕಳಿಸಿದ.

ಬಿಚ್ಚುವವಳನ್ನು ಊರಿನಲ್ಲಿ ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. ಯಾರಿಗೂ ನೆನಪಿರುವ ಮಟ್ಟಿಗೆ ಅಲ್ಲಿ ಯಾವ ಮನೆಯೂ ಸತ್ತಿರಲಿಲ್ಲ. ಅವಳು ಒಂದು ಬೆಳಿಗ್ಗೆ ದೋಣಿಯಿಂದ ಇಳಿದಳು. ಗಟ್ಟಿಮುಟ್ಟಾದ ಹೆಂಗಸು, ನರೆತ ಕೂದಲು, ಸೊಂಟದಲ್ಲಿ ಕುಡುಗೋಲು, ಕಂಕುಳಲ್ಲಿ ಕಂಚಿನ ತಟ್ಟೆ. ಹಗ್ಗದ ಮನೆಯ ಬಾಗಿಲಿಗೆ ಒಂದು ಹಗ್ಗ ಕಟ್ಟಿದಳು. ಇದನ್ನು ಬಿಚ್ಚಿದಾಗ ಮನೆ ಮುಗಿಯಿತು, ಅಲ್ಲಿಯ ತನಕ ಯಾರೂ ಒಳಗಿನ ಒಂದು ನಾರನ್ನೂ ಮುಟ್ಟುವಂತಿಲ್ಲ ಎಂದಳು. ಗಂಟು ಹಾಕಿದವನಿಗೂ ಇದೇ ಮಾತು ಎಂದು ಸಾಹುಕಾರನ ಕಡೆ ನೋಡಿದಳು. ಆಮೇಲೆ ತಟ್ಟೆ ಬಡಿದು ಕರೆದಳು.

“ಈ ಮನೆಯಿಂದ ಯಾರಿಗೆ ಏನು ಬರಬೇಕು? ಬಂದು ಹೇಳಿ.”

ಸಾಹುಕಾರ ಮುಂದೆ ಬಂದು ಅಂಗೈ ತೋರಿಸಿದ. ರಾಟೆಯೂ ಹಗ್ಗವೂ ನನ್ನವು ಎಂದ. ನಾರಿನವನು ಬಂದ. ಸುರಿದ ನಾರಿನ ಬೆಲೆ ಬಾರದೆ ಅವನ ಕತ್ತು ಇಲ್ಲದ ಹೊರೆಯ ಅಡಿಯಲ್ಲಿ ಬಗ್ಗಿಹೋಗಿತ್ತು, ತನ್ನ ಹೆಬ್ಬೆರಳನ್ನೇ ನೋಡಿಕೊಂಡು ತನ್ನ ಬಾಕಿ ಹೇಳಿದ. ದಂಡೆಯ ಕಂದಾಯದವನು ಬಂದ. ಅವನ ನಾಲಿಗೆ ಹಗಲೂ ರಾತ್ರಿ ‘ಕಟ್ಟಿ, ಕಟ್ಟಿ’ ಎನ್ನುತ್ತಿದ್ದುದರಿಂದ ಅವನು ಬೇರೆ ಹೇಳಬೇಕಾದ್ದೇನೂ ಇರಲಿಲ್ಲ. ಹೊಸೆಯುವವರು ಚಪ್ಪರದ ಹೊರಗೆ ಸಾಲಾಗಿ ಕೂತಿದ್ದರು. ಸೆರಗುಗಳ ಒಳಗೆ, ಟವಲುಗಳ ಕೆಳಗೆ ಕೈಗಳು ಆಡುತ್ತಿದ್ದವು. ಯಾರೂ ಏಳಲಿಲ್ಲ.

ನಡುಹಗಲಿಗೆ ಬಿಚ್ಚುವವಳು ಎರಡನೆಯ ಸಲ ಕರೆದಳು. ಯಾರೂ ಏಳಲಿಲ್ಲ. ಯಜಮಾನ ತನ್ನ ಕಂಬದ ಬಳಿಯಿಂದ ಅವರನ್ನು ನೋಡಿ ಮುಖ ತಿರುಗಿಸಿದ. ಅವನ ಮುಖ ತಿರುಗಿದ್ದನ್ನು ಕಂಡು ಹೊಸೆಯುವವಳಿಗೆ, ತಾನು ಕೇಳದೆ ಒಳ್ಳೆಯದೇ ಮಾಡಿದೆ ಎನ್ನಿಸಿತು. ಇದ್ದವನಾದರೆ ಕೇಳಬಹುದು, ಇಲ್ಲದವನನ್ನು ಕೇಳಿ ಏನು ಪ್ರಯೋಜನ?

ಊಟದ ಹೊತ್ತಾಯಿತು. ಗಂಡ ಬುತ್ತಿ ಬಿಚ್ಚಿ ಅವಳಿಗೆ ತುತ್ತು ಹಾಕತೊಡಗಿದ. ವಯಸ್ಸಾದ ಅವನ ಕಣ್ಣಿಗೆ ಗುರಿ ತಪ್ಪಿತು. ಅನ್ನ ಅವಳ ಗದ್ದಕ್ಕೆ ಮೆತ್ತಿತು. ಅವನು ಅದನ್ನು ಒರೆಸಿ, ಸುತ್ತಲಿನವರಿಗೆ ಕೇಳಿಸದ ಹಾಗೆ ಕೇಳಿದ.

“ನಾನು ಹೋದ ಮೇಲೆ ನಿಂಗೆ ಯಾರು ತುತ್ತು ಹಾಕ್ತಾರೆ?”

ಆಮೇಲೆ ಅವಳಿಗೆ ಒಂದು ತುತ್ತೂ ಸೇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೂರನೆಯ ಕರೆ ಬಂತು. ಇದೇ ಕೊನೆಯದು ಎಂದಳು ಬಿಚ್ಚುವವಳು. ಗಂಡ ಅವಳ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದ. ಎದ್ದು ನಿಂತದ್ದೇನೋ ನಿಂತಳು. ಆದರೆ ಅವಳು ಕೇಳಿದ್ದು ಕೂಲಿಯನ್ನಲ್ಲ. ಸತ್ತ ಮನೆಯನ್ನು ಕೇಳಿದರೆ ಸತ್ತವರಿಗೆ ನೋವಾಗುವುದಿಲ್ಲವೇ ಎಂದು ಕೇಳಿದಳು.

ಬಿಚ್ಚುವವಳು ತಟ್ಟೆ ಕೆಳಗಿಟ್ಟಳು. “ಹೆಣ ಎತ್ತೋ ಮುಂಚೆ ಮಗ ಬಂದು, ನಮ್ಮಪ್ಪ ಯಾರಿಗಾದ್ರೂ ಕೊಡಬೇಕಿದ್ರೆ ಈಗಲೇ ಹೇಳಿಬಿಡಿ ಅಂತ ಕೈ ಮುಗೀತಾನಲ್ಲ, ಯಾಕೆ? ಸತ್ತವರು ಹಗುರಾಗಿ ಹೋಗ್ಲಿ ಅಂತ. ಕೇಳಿ ಸಿಗದೇ ಇದ್ದದ್ದು ಮನೆ ಜೊತೆಗೇ ಸಾಯುತ್ತಮ್ಮ. ಕೇಳದೆ ಬಿಟ್ಟದ್ದು ಸಾಯೋದಿಲ್ಲ. ನಿನ್ನ ಕೈಯಲ್ಲಿ ಉಳಿಯುತ್ತೆ. ಯಜಮಾನರ ಕಾಲಲ್ಲೂ ಉಳಿಯುತ್ತೆ.”

ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತೇ ಎಂದು ನನಗೂ ಅನ್ನಿಸಿದೆ. ಆದರೆ ಕೇಳದವರಿಗೆ ಹೇಳುವ ರೂಢಿ ಬಿಚ್ಚುವವಳಿಗೆ ಇರಲಿಲ್ಲ.

ಹೊಸೆಯುವವಳು ಯಜಮಾನನ ಕಾಲನ್ನು ಮೊದಲ ಸಲ ನೋಡಿದಳು. ಬಾತ ಪಾದ, ಉಬ್ಬಿದ ನರ. ತಾವು ಹೊತ್ತು ತಂದ ಅನ್ನವೆಲ್ಲ ಆ ಪಾದಗಳಿಗೇ ಇಳಿದಂತೆ ಅವಳಿಗೆ ಕಂಡಿತು. ಅಳು ಬಂತು, ನಾಚಿಕೆಯೂ ಆಯಿತು. ಸೆರಗಿನಿಂದ ಕೈಗಳನ್ನು ಹೊರಗೆ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದು, ಈ ಸುಗ್ಗಿಯ ಕೂಲಿ ನನಗೆ ಬರಬೇಕು ಎಂದಳು. ಅವಳು ಕೂರುವ ಮೊದಲೇ ಪಕ್ಕದವನು ಎದ್ದ. ಆಮೇಲೆ ಇಡೀ ಸಾಲು ಎದ್ದಿತು. ಅಷ್ಟು ಕೈಗಳು ಒಟ್ಟಿಗೆ ಗಾಳಿಯನ್ನು ಹೊಸೆಯುತ್ತಿದ್ದುದನ್ನು ನೋಡಿ ಕಂದಾಯದವನ ನಾಲಿಗೆಯೂ ಒಂದು ಗಳಿಗೆ ನಿಂತಿತಂತೆ.

ಸಾಹುಕಾರ ಸುಮ್ಮನಿರುವನೇ? ಗಂಟು ಇರುವುದು ತನ್ನದು, ಇವರ ಗಂಟು ಎಲ್ಲಿದೆ ತೋರಿಸಲಿ ಎಂದ. ದಿನವೂ ಸೆರಗು ಕೊಡವಿ ಹೋದವರು ಇವರು, ಒಂದು ನಾರನ್ನಾದರೂ ಯಾವುದಕ್ಕಾದರೂ ಕಟ್ಟಿದ್ದಾರೆಯೇ? ಹೊಸೆಯುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಹೇಳಿದ್ದು ನಿಜವೇ ಆಗಿತ್ತು.

ಬಿಚ್ಚುವವಳು ರಾಟೆಯ ಬಳಿ ಹೋಗಿ ಸಾಹುಕಾರನ ಗಂಟನ್ನು ಬೆರಳಿನಿಂದ ಮುಟ್ಟಿದಳು. ಅದು ಸಡಿಲಾಗಿ ಅವಳ ಕೈಗೆ ಬಂತು. ಆ ತುಂಡನ್ನು ಹಿಂದುಮುಂದಾಗಿ ತಿರುಗಿಸಿ ಹುರಿ ಬಿಡಿಸಿದಳು, ಹುರಿಯಿಂದ ಎಳೆ ಬಿಡಿಸಿದಳು. ಕಡೆಗೆ ಉಳಿದ ಒಂದು ಹಿಡಿ ನಾರನ್ನು ಸಾಹುಕಾರನ ಚಾಚಿದ ಅಂಗೈಯಲ್ಲಿಟ್ಟಳು.

“ಇದರಲ್ಲಿ ಏನಾದ್ರೂ ಕಟ್ಟಿ ತೋರಿಸಿ ಸಾಹುಕಾರ್ರೇ.”

“ಇದು ಬರೀ ನಾರು.”

“ಹೌದಲ್ಲ. ಇವರ ಕೈ ಸೇರದಿದ್ರೆ ನಿಮ್ಮ ಗಂಟೂ ಬರೀ ನಾರೇ. ಹಾಗಂತ ನಿಮ್ಮದು ಸುಳ್ಳು ಅನ್ನೋದಿಲ್ಲ ನಾನು. ಗಂಟೂ ಕೈಯೂ ಒಂದೇ ಮಣೆ ಮೇಲೆ ಕೂತ್ಕೊಳ್ಳಿ. ಸಾಲದೇ ಹೋದರೆ ಇಬ್ಬರಿಗೂ ಅಷ್ಟಷ್ಟೇ ಕಡಿಮೆಯಾಗುತ್ತೆ.”

ಗಾಳಿ ಬಂತು, ನಾರು ಅವನ ಅಂಗೈಯಿಂದ ಹಾರಿಹೋಯಿತು. ಹಿಡಿದುಕೊಳ್ಳಲು ಅವನ ಮುಷ್ಟಿ ಮುಚ್ಚಬೇಕಲ್ಲ. ಸಾಹುಕಾರ ಮಣೆಯ ಒಂದು ಬದಿಗೆ ಸರಿದು ಕೂತ.

ಮರುದಿನ ಪಾಲು. ರಾಟೆಯನ್ನು ಆಚೆ ದಡದವರು ಕೊಂಡು, ಅದಕ್ಕೆ ಬದಲಾಗಿ ತಮ್ಮ ಮಿನುಗುವ ಹಗ್ಗ ತಂದು ಇಳಿಸಿದರು. ಆ ಊರಿನಲ್ಲಿ ಹಗ್ಗಕ್ಕೆ ಯಾವ ಅಂಗಡಿಯಲ್ಲೂ ಅಕ್ಕಿ ಬೇಳೆ ಸಿಗುತ್ತಿತ್ತು. ಬಿಚ್ಚುವವಳು ಅದರ ಪಕ್ಕಕ್ಕೆ ದೊಡ್ಡ ಹಗ್ಗವನ್ನೂ ಎಳೆಸಿ ಕುಡುಗೋಲು ತೆಗೆದಳು. ಮೊಟ್ಟಮೊದಲು ಒಂದು ತುಂಡು ಕತ್ತರಿಸಿ ತನ್ನ ಸೊಂಟಕ್ಕೇ ಸುತ್ತಿಕೊಂಡಳು. ಯಾರೋ ಕೆಮ್ಮಿದರು. ಬಿಚ್ಚುವವಳಿಗೂ ಹೊಟ್ಟೆ ಇದೆ, ಅವಳು ಬಾರದಿದ್ದರೆ ಯಾರಿಗೂ ಏನೂ ಇರುತ್ತಿರಲಿಲ್ಲ ಎಂದು ಹಿರಿಯನೊಬ್ಬ ಆ ಕೆಮ್ಮಿಗೆ ಸಮಾಧಾನ ಹೇಳಿದ.

ಆಮೇಲೆ ಮಣೆಯ ಮೇಲಿದ್ದವರ ಸರದಿ. ಸಾಹುಕಾರನಿಗೊಂದು ಅಳತೆ, ಕೈಗಳಿಗೊಂದು ಅಳತೆ, ಮತ್ತೆ ಸಾಹುಕಾರನಿಗೆ, ಮತ್ತೆ ಕೈಗಳಿಗೆ. ಬಿಚ್ಚುವವಳು ಮಾರು ಹಾಕಿ ಅಳೆಯುವಳು, ಕತ್ತರಿಸುವಳು, ತುಂಡನ್ನು ಮಣಿಕಟ್ಟಿಗೆ ಸುತ್ತುವಳು. ಸುತ್ತಿದೊಡನೆ ಕೈ ನಿಲ್ಲುವುದು. ಸಾಲಿನುದ್ದಕ್ಕೂ ಕೈಗಳು ಒಂದಾದ ಮೇಲೊಂದು ನಿಂತವು. ನಿಂತ ಕೈಗಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಒಬ್ಬ ಮೂಗು ತುರಿಸಿಕೊಂಡ, ಒಬ್ಬಳು ಪಕ್ಕದವಳ ಗಲ್ಲ ಮುಟ್ಟಿ ನೋಡಿದಳು. ಸಾಹುಕಾರ ಮುಷ್ಟಿ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು, ಇದನ್ನೇ ಮಾಡುತ್ತಾ ಎಳೆಯ ಮಗುವಿನಂತೆ ಕೂತಿದ್ದ. ಹೊಸೆಯುವವಳ ಕೈ ನಿಂತದ್ದೇ, ಅವಳು ಮೊದಲು ಮಾಡಿದ ಕೆಲಸ ಗಂಡ ಹೆಣೆದ ಸೊಟ್ಟ ಜಡೆ ಬಿಚ್ಚಿ ತುರುಬು ಕಟ್ಟಿಕೊಂಡದ್ದು. ಗಂಡ ಅದನ್ನು ನೋಡಿ, ನನ್ನ ಜಡೆ ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂದು ಗೊಣಗಿದ. ಅವನ ಕಣ್ಣು ಒದ್ದೆಯಾಗಿತ್ತು.

ಉಳಿದದ್ದು ಸ್ವಲ್ಪವೇ. ನಾರಿನವನಿಗೂ ಕಂದಾಯದವನಿಗೂ ಅದರಲ್ಲಿ ಒಂದೊಂದು ಮೊಳ ಸಿಕ್ಕಿತು, ಇಬ್ಬರ ಬಾಕಿಯ ಮುಂದೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಉಳಿದದ್ದಕ್ಕೆ ಏನು ಗತಿ ಎಂದು ನಾರಿನವನು ನೆಲ ನೋಡುತ್ತಲೇ ಕೇಳಿದ. ಬಾಗಿಲಿನ ಹಗ್ಗ ಬಿಚ್ಚಿದಾಗ ಕತ್ತು ನೆಟ್ಟಗಾಗುತ್ತದೆ, ನಷ್ಟ ಮಾತ್ರ ನಿನ್ನದೇ ಎಂದಳು ಬಿಚ್ಚುವವಳು. ಅವನು ತುಸು ಯೋಚಿಸಿ, ಕತ್ತು ಬಂದರೆ ಸಾಕು, ತಲೆ ಇದ್ದರೆ ಹೊರೆ ಇನ್ನೊಂದು ಹೊರಬಹುದು ಎಂದ. ಕೊನೆಯಲ್ಲಿ ನಿಂತಿದ್ದವನು ಯಜಮಾನ. ಅವನ ಪಾಲಿಗೆ ಉಳಿದದ್ದು ನೆಲದ ಮೇಲಿನ ನಾರಿನ ಧೂಳು.

ಬಿಚ್ಚುವವಳು ಬಾಗಿಲಿಗೆ ಹೋಗಿ ಹಗ್ಗಕ್ಕೆ ಕೈ ಹಾಕಿದಳು. ಗಂಟು ಸಡಿಲಾಗತೊಡಗಿತು. ಯಜಮಾನ ಕಂಬ ಬಿಟ್ಟು ಮೆಲ್ಲನೆ ಮಂಡಿ ಬಗ್ಗಿಸಿದ. ಬಗ್ಗಿತು. ಇನ್ನಷ್ಟು ಬಗ್ಗಿಸಿದ. ಅರ್ಧಕ್ಕೆ ಬಂದವನು ಅಲ್ಲೇ ನಿಂತುಬಿಟ್ಟ, ಕಾಣದ ಪೀಠದ ಮೇಲೆ ಕೂತವನ ಹಾಗೆ, ಕೆಳಗೂ ಇಲ್ಲ ಮೇಲೂ ಇಲ್ಲ. ಅತ್ತ ಬಿಚ್ಚುವವಳ ಬೆರಳಲ್ಲಿ ಗಂಟೂ ಅರ್ಧಕ್ಕೆ ನಿಂತಿತು. ಜನ ಮೊದಲು ನಕ್ಕರು. ಆಮೇಲೆ ನಗು ಉಡುಗಿತು.

“ಯಾರೋ ಇನ್ನೂ ಕೇಳಿಲ್ಲ” ಎಂದಳು ಬಿಚ್ಚುವವಳು.

ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಯಜಮಾನ ಅರ್ಧ ಕೂತಲ್ಲಿಂದಲೇ ಸಾಲನ್ನು ನೋಡಿದ. ಅವನ ಕಣ್ಣು ಹೊಸೆಯುವವಳ ಸೆರಗಿಗೆ ಬಂದು ನಿಂತಿತು. ಅವಳು ಮತ್ತೆ ಎಡಗೈಯನ್ನು ಒಳಗೆ ಎಳೆದುಕೊಂಡಿದ್ದಳು. ಒಳಗೆ ಕಿರುಬೆರಳು ಒಂದೇ ಆಡುತ್ತಿತ್ತು.

ವಿಷಯ ಇಷ್ಟೆ. ಹಿಂದಿನ ವರ್ಷ ಹೊಳೆ ಉಕ್ಕಿದಾಗ ಊರಿನ ದೋಣಿಗಳನ್ನು ಕಟ್ಟಿಹಾಕಲು ಅವಳು ಆ ವಾರವೆಲ್ಲ ನೀರಲ್ಲಿ ನಿಂತು ಹೊಸೆದಿದ್ದಳು. ಅದರ ಕೂಲಿಯನ್ನು ದೊಡ್ಡ ಹಗ್ಗ ಮಾರಿ ಕೈಬಿಟ್ಟ ದಿನ ಕೊಡುತ್ತೇನೆ ಎಂದಿದ್ದ ಯಜಮಾನ. ದೊಡ್ಡ ಹಗ್ಗ ಕೈಬಿಟ್ಟದ್ದು ಇಂದು, ತುಂಡು ತುಂಡಾಗಿ. ತುರುಬು ಕಟ್ಟಿದ ಕೈಯಲ್ಲೇ ಕಿರುಬೆರಳು ಹೊಸದಾಗಿ ಆಡತೊಡಗಿದ್ದನ್ನು ಅವಳು ಕಂಡಿದ್ದಳು. ಎಲ್ಲ ಮುಗಿದಿದೆ, ಧೂಳು ಮಾತ್ರ ಉಳಿದಿದೆ, ಒಂದು ಬೆರಳಿಗಾಗಿ ಇವನನ್ನು ಯಾಕೆ ಇನ್ನೊಮ್ಮೆ ಹಿಂಸಿಸಲಿ ಎಂದುಕೊಂಡಿದ್ದಳು. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು.

ಯಜಮಾನನಿಗೂ ನೆನಪಾಯಿತು. ಕಂಬ ಹಿಡಿದು ನಿಂತ ದಿನದಿಂದ ಅವನು ಯಾರ ಮುಖವನ್ನೂ ನೇರ ನೋಡಿರಲಿಲ್ಲ. ಈಗ ನೋಡಿದ.

“ಕೇಳಿಬಿಡು ತಾಯಿ” ಎಂದ. “ನನ್ನ ಮಂಡಿ ನೋಯ್ತಿದೆ.”

ಅವಳು ಕೈ ಹೊರಗೆ ತೆಗೆದಳು. “ಹೊಳೆ ಉಕ್ಕಿದ ವಾರದ ಕೂಲಿ ಬರಬೇಕು, ಯಜಮಾನ್ರೇ. ಕೊಡಿ.”

ಸುತ್ತ ಇಡೀ ಊರೇ ನಿಂತಿತ್ತು. ಆದರೂ ಯಜಮಾನ ಹೇಳಿದ. “ಇಲ್ಲ ತಾಯಿ. ಕೊಡೋಕೆ ನನ್ನ ಹತ್ರ ಏನೂ ಇಲ್ಲ.”

ಬಾಗಿಲಿನ ಹಗ್ಗ ಜಾರಿ ನೆಲಕ್ಕೆ ಬಿತ್ತು. ಕಿರುಬೆರಳು ನಿಂತಿತು. ಎಲ್ಲೋ ಹಿಂದೆ ನಾರಿನವನು ಕತ್ತೆತ್ತಿ, ಓ ಮೋಡ ಆಗಿದೆಯಲ್ಲ ಎಂದ. ಕಂದಾಯದವನ ಬಾಯಿ ಮುಚ್ಚಿತು. ಯಜಮಾನ ಧೊಪ್ಪೆಂದು ಕುಂಡೆಯೂರಿ ಬಿದ್ದ. ನಾರಿನ ಧೂಳು ಅವನ ಸುತ್ತ ಎದ್ದಿತು. ಅವನು ಕಾಲು ಉದ್ದಕ್ಕೆ ಚಾಚಿ, ಎರಡು ಕೈಯಲ್ಲೂ ಮಂಡಿ ನೀವಿಕೊಳ್ಳುತ್ತಾ, ಅಯ್ಯೋ ಅಯ್ಯೋ ಎನ್ನುತ್ತಾ ನಗತೊಡಗಿದ. ನಗುತ್ತಾ ಅತ್ತ. ಅದನ್ನು ನೋಡಿದವರಿಗೆಲ್ಲ ತಾವೂ ಬಹಳ ದಿನದಿಂದ ನಿಂತೇ ಇದ್ದೆವೇನೋ ಎನ್ನಿಸಿ ಅಲ್ಲಲ್ಲೇ ಕೂತರು.

ಬಿಚ್ಚುವವಳು ಯಾವಾಗ ದೋಣಿ ಹತ್ತಿದಳೋ ಯಾರೂ ಗಮನಿಸಲಿಲ್ಲ.

ಅಂದು ಊಟದ ಸರದಿ ಹೊಸೆಯುವವಳದೇ. ಸೂತಕ ಕಳೆದಿತ್ತು, ತಂದ ಬುತ್ತಿ ಇತ್ತು. ಅವಳು ಯಜಮಾನನ ಮುಂದೆ ಎಲೆ ಹಾಕಿ, ತನ್ನ ಕೈಯಾರೆ ಅನ್ನ ಬಡಿಸಿ, ಸಾರು ಬಿಟ್ಟಳು. ಎದುರಿಗೆ ತಾನೂ ಒಂದು ಎಲೆ ಹಾಕಿಕೊಂಡು ಕೂತು, ಅನ್ನ ಕಲೆಸಿ, ತುತ್ತು ಮಾಡಿ ಬಾಯಿಗಿಟ್ಟುಕೊಂಡಳು. ಯಜಮಾನನೂ ಒಂದು ತುತ್ತು ತಿಂದು ಸ್ವಲ್ಪ ಹೊತ್ತು ಅಗಿಯುತ್ತಾ ಕೂತ.

“ಸಾರಿಗೆ ಉಪ್ಪೇ ಇಲ್ಲವಲ್ಲಮ್ಮ” ಎಂದ.

“ಯಾವತ್ತೂ ಇರ್ಲಿಲ್ಲ, ಯಜಮಾನ್ರೇ. ಅಡುಗೆ ನಮ್ಮನೆಯವರದ್ದು” ಎಂದಳು ಅವಳು. “ನಿಂತು ಉಣ್ಣೋರಿಗೆ ರುಚಿ ಎಲ್ಲಿ ಗೊತ್ತಾಗುತ್ತೆ? ನಾಳೆಯಿಂದ ನಾನೇ ಮಾಡ್ತೀನಿ, ಬನ್ನಿ.”